ಕಡತವನ್ನು ಓದಿದ ಉಪಾಧ್ಯಾಯ

ನ್ಯಾಯಸ್ಥಾನದಲ್ಲಿ ತೀರ್ಪು ಹೊರಬಿದ್ದ ಒಡನೆ ಲೋಕದ ಮಟ್ಟಿಗೆ ಆ ವ್ಯವಹಾರವು ಮುಗಿದಂತೆಯೇ ಸರಿ. ಗೆದ್ದವರು ಹಿಗ್ಗುತ್ತಾರೆ, ಸೋತವರು ಕಣ್ಣೀರಿಡುತ್ತಾರೆ, ವಕೀಲರು ಬೇರೊಂದು ಮೊಕದ್ದಮೆಯನ್ನು ಕೈಗೆತ್ತಿಕೊಳ್ಳುತ್ತಾರೆ, ಗುಮಾಸ್ತನು ಕಾಗದಪತ್ರಗಳನ್ನೆಲ್ಲ ದಾರದಿಂದ ಬಿಗಿದು ಕಪಾಟಿನಲ್ಲಿ ಇಡುತ್ತಾನೆ. ಆ ದಾರವನ್ನು ಬಿಚ್ಚಿ, ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿ, ನಡೆದುದು ನ್ಯಾಯವಾಗಿ ನಡೆಯಿತೆ ಎಂದು ಕೇಳುವವರು ಬಹು ವಿರಳ. ಈ ಕೆಲಸವು ಕಾನೂನನ್ನು ಕಲಿಸುವ ಉಪಾಧ್ಯಾಯರಿಗೆ ತಕ್ಕದ್ದು. ಏಕೆಂದರೆ ಅವರಿಗೆ ಕಕ್ಷಿದಾರನಿಲ್ಲ, ಫೀಜಿನ ಆಶೆಯಿಲ್ಲ, ಗೆಲ್ಲಲೇಬೇಕೆಂಬ ಆತುರವೂ ಇಲ್ಲ. ಆದರೂ ತಕ್ಕ ಕೆಲಸವನ್ನು ತಕ್ಕ ಕಾಲದಲ್ಲಿ ಮಾಡುವುದಕ್ಕೆ ವಿದ್ಯೆಯೊಂದೇ ಸಾಲದು, ಎದೆಗಾರಿಕೆಯೂ ಬೇಕು. ಇವೆರಡೂ ಇದ್ದ ಒಬ್ಬ ಉಪಾಧ್ಯಾಯರ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇನೆ. ಅವರ ಹೆಸರು ಫೀಲಿಕ್ಸ್ ಫ್ರಾಂಕ್‌ಫರ್ಟರ್.

ಇವರು ಹುಟ್ಟಿದ್ದು ೧೮೮೨ನೆಯ ಇಸವಿಯಲ್ಲಿ, ಆಸ್ಟ್ರಿಯಾ ದೇಶದ ವಿಯೆನ್ನಾ ನಗರದಲ್ಲಿ, ಒಂದು ಯಹೂದ್ಯ ಕುಟುಂಬದಲ್ಲಿ. ೧೮೯೪ರಲ್ಲಿ ತಂದೆತಾಯಿಗಳೊಡನೆ ಅಮೇರಿಕೆಯ ನ್ಯೂಯಾರ್ಕಿಗೆ ಬಂದಾಗ ಬಾಲಕನಿಗೆ ಹನ್ನೆರಡು ವರ್ಷ ಇನ್ನೂ ತುಂಬಿರಲಿಲ್ಲ. ಇಂಗ್ಲಿಷಿನ ಒಂದು ಮಾತೂ ತಿಳಿಯದು. ಶಾಲೆಯಲ್ಲಿ ಮಿಸ್ ಹೋಗನ್ ಎಂಬ ಉಪಾಧ್ಯಾಯಿನಿಯವರು, ಈ ಹುಡುಗನೊಡನೆ ಜರ್ಮನ್ ಭಾಷೆಯಲ್ಲಿ ಮಾತಾಡಿದವರಿಗೆ ಶಿಕ್ಷೆ ತಪ್ಪದೆಂದು ಮಿಕ್ಕ ಹುಡುಗರಿಗೆಲ್ಲ ಕಟ್ಟಪ್ಪಣೆ ಮಾಡಿದರಂತೆ. ವೃದ್ಧಾಪ್ಯದಲ್ಲಿಯೂ ಫ್ರಾಂಕ್‌ಫರ್ಟರರು ಆ ತಾಯಿಯನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದರು. ಪಾಠಶಾಲೆಯಲ್ಲಿ ಆಯುಷ್ಯವನ್ನು ಕಳೆದ ನನ್ನಂಥವನಿಗೆ ಈ ಸಂಗತಿಯನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಹುಡುಗನು ಭಾಷೆಯನ್ನು ಕಲಿತನು; ೧೯೦೨ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಿಂದಲೂ, ೧೯೦೬ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕಾನೂನು ಶಾಲೆಯಿಂದಲೂ ತೇರ್ಗಡೆ ಹೊಂದಿದನು. ಈ ಎರಡನೆಯ ಕಡೆಯಲ್ಲಿ ತನ್ನ ತರಗತಿಗೇ ಮೊದಲಿಗನಾಗಿದ್ದನು. ಕೆಲವು ವರ್ಷ ಸರ್ಕಾರದ ಕೆಲಸವನ್ನು ನೋಡಿ, ೧೯೧೪ರಲ್ಲಿ ಅದೇ ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾಗಿ, ಇಪ್ಪತ್ತೈದು ವರ್ಷಕಾಲ ಪಾಠ ಹೇಳಿದರು.

ನಡೆದುಹೋದ ವಿಚಾರಣೆಯೊಂದನ್ನು ಮತ್ತೆ ತೂಗಿ ನೋಡುವ ಸಂದರ್ಭವು ಅವರಿಗೆ ಮೊದಲು ಒದಗಿದ್ದು ೧೯೧೭ರಲ್ಲಿ. ಅದಕ್ಕೆ ಹಿಂದಿನ ವರ್ಷ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಒಂದು ಮೆರವಣಿಗೆಯ ನಡುವೆ ಬಾಂಬು ಸಿಡಿದು ಹತ್ತು ಜನ ಸತ್ತಿದ್ದರು. ಟಾಮ್ ಮೂನಿ ಎಂಬ ಕಾರ್ಮಿಕ ನಾಯಕನಿಗೆ ಆ ಸಂಬಂಧವಾಗಿ ಮರಣದಂಡನೆಯಾಗಿತ್ತು. ರಾಷ್ಟ್ರಾಧ್ಯಕ್ಷ ವಿಲ್ಸನ್ನರು ನೇಮಿಸಿದ ಸಮಿತಿಯ ಕಾರ್ಯದರ್ಶಿಯಾಗಿ ಫ್ರಾಂಕ್‌ಫರ್ಟರರು ಸಾಕ್ಷ್ಯವನ್ನು ಪರಿಶೀಲಿಸಿದರು. ಅದು ನಂಬತಕ್ಕದ್ದಲ್ಲವೆಂದು ಕಂಡು, ಸಮಿತಿಯು ಮರುವಿಚಾರಣೆಯಾಗಬೇಕೆಂದು ಸೂಚಿಸಿತು. ಮೂನಿಯ ಮರಣದಂಡನೆಯು ಆಜೀವ ಸೆರೆಯಾಗಿ ಮಾರ್ಪಟ್ಟಿತು. ಕ್ಷಮೆ ದೊರೆತು ಅವನು ಹೊರಗೆ ಬಂದದ್ದು ೧೯೩೯ರಲ್ಲಿ. ಒಮ್ಮೆ ಮುಚ್ಚಿದ ಬಾಗಿಲು ತೆರೆಯಲು ಎಷ್ಟು ಕಾಲ ಬೇಕಾಯಿತೆಂಬುದನ್ನು ವಾಚಕರೇ ಎಣಿಸಿಕೊಳ್ಳಲಿ.

ಆದರೆ ಫ್ರಾಂಕ್‌ಫರ್ಟರರ ಹೆಸರು ಮನೆಮಾತಾದದ್ದು ಬೇರೊಂದು ವಿಚಾರಣೆಯಿಂದ. ೧೯೨೦ನೆಯ ಇಸವಿ ಏಪ್ರಿಲ್ ೧೫ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಸೌತ್ ಬ್ರೇನ್‌ಟ್ರೀ ಎಂಬ ಊರಿನಲ್ಲಿ, ಪಾದರಕ್ಷೆಗಳ ಕಾರ್ಖಾನೆಯೊಂದರ ಸಂಬಳದ ಹಣವನ್ನು ಒಯ್ಯುತ್ತಿದ್ದ ಇಬ್ಬರನ್ನು ಹಾಡುಹಗಲಿನಲ್ಲಿಯೇ ಗುಂಡಿಕ್ಕಿ ಕೊಂದು, ೧೫,೭೦೦ ಡಾಲರುಗಳಿಗೂ ಮಿಕ್ಕ ಹಣವನ್ನು ದೋಚಿಕೊಂಡು, ಕೊಲೆಗಡುಕರು ಮೋಟಾರಿನಲ್ಲಿ ಪರಾರಿಯಾದರು. ಮೂರು ವಾರಗಳ ತರುವಾಯ ಪೋಲೀಸರು ಇಬ್ಬರು ಇಟಲಿಯವರನ್ನು ಹಿಡಿದರು. ಒಬ್ಬನು ಜೋಡು ಹೊಲಿಯುವ ಕಾರ್ಖಾನೆಯ ಕೆಲಸಗಾರ ನಿಕೋಲ ಸ್ಯಾಕೊ. ಮತ್ತೊಬ್ಬನು ಬೀದಿಯಲ್ಲಿ ಮೀನು ಮಾರುತ್ತಿದ್ದ ಬಾರ್ತೊಲೊಮಿಯೊ ವ್ಯಾಂಜೆಟಿ. ಇಬ್ಬರೂ ಅರಾಜಕವಾದಿಗಳು, ಎಂದರೆ ಸರ್ಕಾರವೆಂಬುದೇ ಬೇಡವೆನ್ನುವ ಪಂಥದವರು. ಯುದ್ಧಕಾಲದಲ್ಲಿ ಸೈನ್ಯಕ್ಕೆ ಸೇರಬೇಕಾದೀತೆಂದು ಮೆಕ್ಸಿಕೋ ದೇಶಕ್ಕೆ ಹೋಗಿದ್ದವರು. ಹಿಡಿದಾಗ ಇಬ್ಬರ ಬಳಿಯಲ್ಲಿಯೂ ಪಿಸ್ತೂಲುಗಳಿದ್ದವು. ಕೇಳಿದ ಪ್ರಶ್ನೆಗಳಿಗೆ ಸುಳ್ಳನ್ನೂ ಹೇಳಿದರು. ಇದನ್ನು ಮರೆಮಾಚಬೇಕಾದುದಿಲ್ಲ. ತಮ್ಮ ಪಂಥದವರನ್ನು ಸರ್ಕಾರವು ಹುಡುಕಿ ಹುಡುಕಿ ಗಡೀಪಾರು ಮಾಡುತ್ತಿದ್ದ ಕಾಲವಾದುದರಿಂದ ಅಂಜಿ ಸುಳ್ಳು ನುಡಿದೆವೆಂದು ಅವರು ಆಮೇಲೆ ವಿವರಿಸಿದರು.

೧೯೨೧ನೆಯ ಮೇ ೩೧ರಿಂದ ಜುಲೈ ೧೪ರವರೆಗೆ, ಡೆಡಮ್ ಎಂಬ ಊರಿನಲ್ಲಿ, ವೆಬ್‌ಸ್ಟರ್ ಥೇಯರ್ ಎಂಬ ನ್ಯಾಯಾಧಿಪತಿಯ ಮುಂದೆ ವಿಚಾರಣೆ ನಡೆಯಿತು. ಸರ್ಕಾರದ ಪರವಾಗಿ ೫೯ ಜನರೂ ಆಪಾದಿತರ ಪರವಾಗಿ ೯೯ ಜನರೂ ಸಾಕ್ಷಿ ನುಡಿದರು. ಕೊಲೆಯ ದಿವಸ ತಾನು ಮೀನು ಮಾರುತ್ತಿದ್ದೆನೆಂದು ವ್ಯಾಂಜೆಟಿಯೂ, ಬಾಸ್ಟನ್ನಿನಲ್ಲಿ ಇಟಲಿಯ ಕಾನ್ಸಲ್ ಕಛೇರಿಗೆ ಹೋಗಿದ್ದೆನೆಂದು ಸ್ಯಾಕೊವೂ ಹೇಳಿ, ಅದಕ್ಕೆ ಸಾಕ್ಷಿಗಳನ್ನು ತಂದರು. ಆ ಸಾಕ್ಷಿಗಳಲ್ಲಿ ಹೆಚ್ಚಿನವರು ಇಟಲಿಯವರೇ. ಜೂರಿಯವರು ಇಬ್ಬರನ್ನೂ ಅಪರಾಧಿಗಳೆಂದರು.

ಇಲ್ಲಿಗೆ ಲೋಕದ ಮಟ್ಟಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯದಂತೆ ನೋಡಿಕೊಂಡವರು, ಪಟ್ಟುಬಿಡದ ಕೆಲವರು ವಕೀಲರು ಮತ್ತು ಕಡತವನ್ನು ಓದಿದ ಈ ಉಪಾಧ್ಯಾಯರು. ಅವರು ಹೊಸ ಸಾಕ್ಷಿಗಳನ್ನು ಹುಡುಕಿಕೊಂಡು ಊರೂರು ಅಲೆದವರಲ್ಲ. ಸೆರೆಮನೆಗೆ ಹೋಗಿ ಆಪಾದಿತರ ಮುಖವನ್ನು ನೋಡಿ ಮರುಗಿ ಬರೆದವರೂ ಅಲ್ಲ. ನ್ಯಾಯಸ್ಥಾನವೇ ಬರೆದಿಟ್ಟಿದ್ದ ಸಾವಿರಾರು ಪುಟಗಳನ್ನು, ನಾವು ಒಂದು ಶಾಸ್ತ್ರಗ್ರಂಥವನ್ನು ಪಂಕ್ತಿಪಂಕ್ತಿಯಾಗಿ ಅನ್ವಯಿಸಿಕೊಂಡು ಓದುವಂತೆ ಓದಿದರು. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ನಮ್ಮ ಸ್ಮೃತಿಕಾರರು ಹೇಳುತ್ತಾರೆ: ದೂರು, ಅದಕ್ಕೆ ಉತ್ತರ, ಪ್ರಮಾಣಗಳ ಪರೀಕ್ಷೆ, ನಿರ್ಣಯ. ಮೂರನೆಯ ಪಾದವು ಕುಂಟಾದರೆ ನಾಲ್ಕನೆಯದು ನೆಟ್ಟಗೆ ನಿಲ್ಲಲಾರದು. ಫ್ರಾಂಕ್‌ಫರ್ಟರರು ಪರೀಕ್ಷಿಸಿದ್ದು ಈ ಮೂರನೆಯ ಪಾದವನ್ನೇ.

ಮೊದಲನೆಯದು ಕಣ್ಣಾರೆ ಕಂಡೆನೆಂಬ ಸಾಕ್ಷ್ಯ. ಸ್ಯಾಕೊವನ್ನು ಗುರುತಿಸಿದವರಲ್ಲಿ ಮುಖ್ಯಳಾದ ಒಬ್ಬ ಹೆಂಗಸು, ಕಾರ್ಖಾನೆಯ ಮಾಳಿಗೆಯ ಕಿಟಕಿಯಿಂದ, ಅರುವತ್ತರಿಂದ ಎಂಬತ್ತು ಅಡಿಗಳ ದೂರದಲ್ಲಿ ಓಡುತ್ತಿದ್ದ ಮೋಟಾರಿನೊಳಗಿನ ಅಪರಿಚಿತನೊಬ್ಬನನ್ನು ಕಂಡಿದ್ದಳು. ಮೋಟಾರು ಆಕೆಯ ಕಣ್ಣಿಗೆ ಬಿದ್ದಿದ್ದು ಸುಮಾರು ಮೂವತ್ತು ಅಡಿಗಳ ಹಾದಿಯಷ್ಟು ಮಾತ್ರ. ಲೆಕ್ಕ ಹಾಕಿದರೆ ಒಂದೂವರೆಯಿಂದ ಮೂರು ಸೆಕೆಂಡುಗಳಾಗುತ್ತವೆ. ನಾಲ್ವತ್ತು ದಿವಸಗಳಾದ ಮೇಲೆ ಸ್ಯಾಕೊವನ್ನು ಎದುರಿಗೆ ನಿಲ್ಲಿಸಿದಾಗ ಇವನೇ ಎಂದು ಹೇಳಲಾರದೆ ಹೋದಳು. ಆದರೆ ಒಂದು ವರ್ಷಕ್ಕೂ ಮೇಲಾದ ತರುವಾಯ ವಿಚಾರಣೆಯಲ್ಲಿ, ಕೂದಲಿನ ಉದ್ದ, ಹುಬ್ಬಿನ ಬಣ್ಣ, ಕೈಯ ಗಾತ್ರ ಮೊದಲಾದ ಹದಿನಾರು ಲಕ್ಷಣಗಳನ್ನು ತಡವರಿಸದೆ ವರ್ಣಿಸಿದಳು! ಆಕೆ ಬೇಕೆಂದು ಸುಳ್ಳು ನುಡಿದಳೆಂದು ಹೇಳಬೇಕಾಗಿಲ್ಲ. ನಡುವಣ ತಿಂಗಳುಗಳಲ್ಲಿ ಸ್ಯಾಕೊವನ್ನು ಮತ್ತೆ ಮತ್ತೆ ನೋಡಿದ್ದಳು. ಕಣ್ಣು ಕಾಣದಿದ್ದುದನ್ನು ಮನಸ್ಸು ತಾನೇ ತುಂಬಿಕೊಂಡಿರಬಹುದು.

ಎರಡನೆಯದು ಗುಂಡಿನ ಸಾಕ್ಷ್ಯ. ಸತ್ತವನ ದೇಹದಿಂದ ತೆಗೆದ ಒಂದು ಗುಂಡು ಸ್ಯಾಕೊವಿನ ಪಿಸ್ತೂಲಿನಿಂದಲೇ ಹಾರಿತೆ ಎಂಬುದು ಪ್ರಶ್ನೆ. ಸಂಸ್ಥಾನದ ಪೋಲೀಸ್ ಇಲಾಖೆಯ ಕ್ಯಾಪ್ಟನ್ ಪ್ರಾಕ್ಟರ್, ಗುಂಡು ಆ ಪಿಸ್ತೂಲಿನಿಂದ ಹಾರಿದ್ದುದಕ್ಕೆ ಹೊಂದಿಕೆಯಾಗಿದೆ ಎಂಬರ್ಥದ ಮಾತನ್ನಾಡಿದನು. ಹಾರಿತು ಎಂಬುದಕ್ಕೂ ಹಾರಿದ್ದುದಕ್ಕೆ ಹೊಂದಿಕೆಯಾಗಿದೆ ಎಂಬುದಕ್ಕೂ ಇರುವ ಅಂತರವನ್ನು ವ್ಯಾಕರಣ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆದರೆ ಆ ದಿನ ಜೂರಿಯವರಿಗೆ ಎರಡೂ ಒಂದೇ ಆಗಿ ಕೇಳಿಸಿದವು. ನ್ಯಾಯಾಧಿಪತಿಯೂ ಹಾಗೆಯೇ ಅರ್ಥವಾಗುವಂತೆ ವಿವರಿಸಿದನು. ೧೯೨೩ರಲ್ಲಿ ಪ್ರಾಕ್ಟರನು ಪ್ರಮಾಣಪೂರ್ವಕವಾಗಿ ಬರೆದುಕೊಟ್ಟ ಹೇಳಿಕೆಯಿಂದ ಗುಟ್ಟು ಹೊರಬಿದ್ದಿತು. ಗುಂಡು ಆ ಪಿಸ್ತೂಲಿನದೇ ಎನ್ನುವುದಕ್ಕೆ ಯಾವ ಆಧಾರವೂ ತನಗೆ ಕಾಣಲಿಲ್ಲವೆಂದೂ, ಹಾಗೆಂದು ಸರ್ಕಾರಿ ವಕೀಲನಿಗೆ ಮೊದಲೇ ತಿಳಿಸಿದ್ದನೆಂದೂ, ಪ್ರಶ್ನೆಯ ಮಾತುಗಳನ್ನು ಮುಂಚೆಯೇ ಗೊತ್ತುಮಾಡಿಕೊಂಡಿದ್ದರೆಂದೂ ಅದರಲ್ಲಿತ್ತು. ನೇರವಾಗಿ ಕೇಳಿದ್ದರೆ ಇಲ್ಲವೆನ್ನುತ್ತಿದ್ದೆನೆಂದೂ ಅವನು ಬರೆದನು. ಫ್ರಾಂಕ್‌ಫರ್ಟರರ ಮನಸ್ಸನ್ನು ಕಲಕಿ ಈ ವಿಷಯಕ್ಕೆ ತಿರುಗಿಸಿದುದು ಈ ಹೇಳಿಕೆಯೇ.

ಮೂರನೆಯದು ಪ್ರಮಾಣವೇ ಅಲ್ಲದ ಪ್ರಮಾಣ. ಸರ್ಕಾರಿ ವಕೀಲನು ಸ್ಯಾಕೊವನ್ನು ಕೊಲೆಯ ವಿಷಯವಾಗಿ ಕೇಳುವುದನ್ನು ಬಿಟ್ಟು, ಈ ದೇಶವನ್ನು ನೀನು ಪ್ರೀತಿಸುತ್ತೀಯಾ, ಪ್ರೀತಿಸಿದರೆ ಯುದ್ಧ ಬಂದಾಗ ಓಡಿಹೋದದ್ದೇಕೆ ಎಂದು ಬಹು ಹೊತ್ತು ಕೆಣಕಿದನು. ಯುದ್ಧ ಮುಗಿದು ಮೂರು ವರ್ಷವೂ ಆಗಿರದ ಕಾಲ; ಪರದೇಶದವರೆಂದರೆ ಜನರಿಗೆ ಸಂಶಯ. ಇಂಥ ಪ್ರಶ್ನೆಗಳಿಂದ ಕೊಲೆಗಾರನು ಯಾರೆಂದು ತಿಳಿಯದು. ಎದುರಿಗಿರುವವನ ಮೇಲೆ ಹಗೆ ಮಾತ್ರ ಹುಟ್ಟುತ್ತದೆ.

ಇದೆಲ್ಲಕ್ಕಿಂತ ವಿಚಿತ್ರವಾದುದು ಅಲ್ಲಿಯ ಅಂದಿನ ಕ್ರಮ. ಹೊಸ ಸಾಕ್ಷ್ಯ ದೊರೆಯಿತೆಂದು ಮರುವಿಚಾರಣೆಯನ್ನು ಕೇಳುವ ಅರ್ಜಿಗಳೆಲ್ಲ ಥೇಯರನ ಮುಂದೆಯೇ ಬರಬೇಕು. ೧೯೨೫ರಲ್ಲಿ ಮಡೀರೋಸ್ ಎಂಬ ಮತ್ತೊಬ್ಬ ಕೈದಿಯು, ಆ ಕೊಲೆಯಲ್ಲಿ ತಾನಿದ್ದೆನೆಂದೂ ಸ್ಯಾಕೊ ವ್ಯಾಂಜೆಟಿಗಳು ಇರಲಿಲ್ಲವೆಂದೂ ಬರೆದುಕೊಟ್ಟನು. ಆ ಅರ್ಜಿಯನ್ನೂ ಥೇಯರನೇ ವಿಚಾರಿಸಿ ತಳ್ಳಿಹಾಕಿದನು. ಸಂಸ್ಥಾನದ ಉಚ್ಚ ನ್ಯಾಯಸ್ಥಾನಕ್ಕೆ ಕಾನೂನಿನ ತಪ್ಪನ್ನು ನೋಡುವ ಅಧಿಕಾರವಿತ್ತೇ ಹೊರತು, ಸಾಕ್ಷ್ಯವನ್ನು ತಾನೇ ಹೊಸದಾಗಿ ತೂಗುವ ಅಧಿಕಾರವಿರಲಿಲ್ಲ. ತನ್ನ ತೀರ್ಪು ಸರಿಯೋ ತಪ್ಪೋ ಎಂಬುದನ್ನು ತಾನೇ ತೀರ್ಮಾನಿಸುವ ಭಾರವನ್ನು ದೇವತೆಗಳೂ ಹೊರಲಾರರು, ಮನುಷ್ಯನ ಪಾಡೇನು?

ಫ್ರಾಂಕ್‌ಫರ್ಟರರ ಲೇಖನವು ೧೯೨೭ನೆಯ ಮಾರ್ಚಿಯಲ್ಲಿ ‘ಅಟ್ಲಾಂಟಿಕ್ ಮಂತ್‌ಲಿ’ ಎಂಬ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಒಡನೆಯೇ ಪುಸ್ತಕವಾಗಿಯೂ ಹೊರಬಂದಿತು. ಇದು ವಕೀಲರಿಗಾಗಿ ಬರೆದುದಲ್ಲ, ಓದುಬಲ್ಲ ಗೃಹಸ್ಥರಿಗಾಗಿ ಬರೆದದ್ದು. ದೊಡ್ಡ ಗದ್ದಲವೆದ್ದಿತು. ವ್ಯವಹಾರವು ಇನ್ನೂ ನ್ಯಾಯಸ್ಥಾನದಲ್ಲಿರುವಾಗ ಬರೆಯಬಹುದೆ ಎಂದರು ಕೆಲವರು; ಪರದೇಶದಿಂದ ಬಂದವನು ನಮ್ಮ ನ್ಯಾಯಾಧಿಪತಿಗಳಿಗೆ ಬುದ್ಧಿ ಹೇಳುವುದೆ ಎಂದರು ಮತ್ತೆ ಕೆಲವರು. ಸಾಕ್ಷ್ಯಶಾಸ್ತ್ರದಲ್ಲಿ ಆ ದೇಶಕ್ಕೇ ಅಗ್ರಗಣ್ಯರೆನಿಸಿದ್ದ ಪಂಡಿತ ವಿಗ್‌ಮೋರರು ಏಪ್ರಿಲ್ ೨೫ರಂದು ಬಾಸ್ಟನ್ನಿನ ಒಂದು ವೃತ್ತಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದರು. ಮರುದಿನವೇ ಫ್ರಾಂಕ್‌ಫರ್ಟರರ ಉತ್ತರವು ಅಚ್ಚಾಯಿತು. ಬೈಗುಳಕ್ಕೆ ಬೈಗುಳವಲ್ಲ, ಕಡತದಲ್ಲಿ ಇರುವುದು ಇದು ಎಂದು ತೋರಿಸುವ ಉತ್ತರ. ಓದಿದವನಿಗೂ ಓದದವನಿಗೂ ವಾದವಾದರೆ ಗೆಲ್ಲುವವರು ಯಾರೆಂಬುದು ನಮ್ಮ ವಾಕ್ಯಾರ್ಥ ಸಭೆಗಳನ್ನು ಕಂಡವರಿಗೆ ಗೊತ್ತು.

ಆದರೂ ಪ್ರಾಣಗಳು ಉಳಿಯಲಿಲ್ಲ. ಸಂಸ್ಥಾನದ ಗವರ್ನರು ಮೂವರ ಸಲಹಾ ಸಮಿತಿಯನ್ನು ನೇಮಿಸಿದನು. ಅದರಲ್ಲಿ ಪ್ರಮುಖರು ಹಾರ್ವರ್ಡಿನ ಅಧ್ಯಕ್ಷ ಲೋವೆಲ್, ಎಂದರೆ ಫ್ರಾಂಕ್‌ಫರ್ಟರರ ವಿದ್ಯಾಸಂಸ್ಥೆಯ ಯಜಮಾನರೇ. ನ್ಯಾಯಾಧಿಪತಿಯು ಹೊರಗೆ ಆಡಬಾರದ ಮಾತನ್ನಾಡಿದ್ದು ತಪ್ಪೆಂದು ಒಪ್ಪಿಯೂ, ವಿಚಾರಣೆಯು ನ್ಯಾಯವಾಗಿಯೇ ನಡೆಯಿತೆಂದು ಸಮಿತಿಯು ಹೇಳಿತು. ೧೯೨೭ನೆಯ ಆಗಸ್ಟ್ ೨೩ರಂದು, ನಡುರಾತ್ರಿ ಕಳೆದೊಡನೆ, ಇಬ್ಬರಿಗೂ ಮರಣದಂಡನೆಯಾಯಿತು. ಸೆರೆಯಲ್ಲಿದ್ದಾಗ ಅವರು ಬರೆದ ಕಾಗದಗಳನ್ನು ಫ್ರಾಂಕ್‌ಫರ್ಟರರ ಪತ್ನಿ ಮೇರಿಯನ್ ಡೆನ್‌ಮನ್ ಎಂಬವರು ಮತ್ತೊಬ್ಬರೊಡನೆ ಸೇರಿ ಸಂಪಾದಿಸಿ, ೧೯೨೮ರಲ್ಲಿ ಪ್ರಕಟಿಸಿದರು. ಗಂಡನು ವಿಚಾರಣೆಯ ಕಡತವನ್ನು ಓದಿಸಿದನು; ಹೆಂಡತಿಯು ಆ ಮನುಷ್ಯರ ಅಂತರಂಗವನ್ನು ಓದಿಸಿದಳು. ಅಂಥ ದಾಂಪತ್ಯವು ಶ್ಲಾಘ್ಯವಲ್ಲವೆ?

ವಾಚಕರು ಈಗ ಕೇಳಬಹುದು: ಹಾಗಾದರೆ ಆ ಇಬ್ಬರೂ ನಿಜವಾಗಿ ನಿರಪರಾಧಿಗಳೇ? ಇಲ್ಲಿ ಎಚ್ಚರಿಕೆಯಿಂದ ಮಾತಾಡಬೇಕು. ೧೯೬೧ರಲ್ಲಿ ಹೊಸ ಸಲಕರಣೆಗಳಿಂದ ಪರೀಕ್ಷಿಸಿದವರು ಆ ಗುಂಡು ಸ್ಯಾಕೊವಿನ ಪಿಸ್ತೂಲಿನದೇ ಎಂದರು. ೧೯೮೩ರ ಪರೀಕ್ಷೆಯೂ ಅದನ್ನೇ ಹೇಳಿತು. ಗುಂಡನ್ನೇ ಬದಲಿಸಿರಬಹುದೆಂದು ವಾದಿಸುವವರೂ ಇದ್ದಾರೆ. ಆದರೆ ಫ್ರಾಂಕ್‌ಫರ್ಟರರ ಗ್ರಂಥವು ನಿಂತಿರುವುದು ಆ ಪ್ರಶ್ನೆಯ ಮೇಲಲ್ಲ. ಆ ದಿನ, ಆ ಸಭೆಯಲ್ಲಿ, ಆ ಸಾಕ್ಷ್ಯದಿಂದ ಅಪರಾಧವು ಸಿದ್ಧವಾಯಿತೆ ಎಂಬುದೇ ಅವರ ಪ್ರಶ್ನೆ. ನಾಲ್ವತ್ತು ವರ್ಷಗಳ ತರುವಾಯ ದೊರೆತ ಪ್ರಮಾಣದಿಂದ ನಾಲ್ವತ್ತು ವರ್ಷ ಹಿಂದಿನ ವಿಚಾರಣೆಯು ಶುದ್ಧವಾಗಲಾರದು. ೧೯೭೭ರಲ್ಲಿ, ಐವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಅದೇ ಸಂಸ್ಥಾನದ ಗವರ್ನರ್ ಡುಕಾಕಿಸರು ಹೊರಡಿಸಿದ ಘೋಷಣೆಯೂ ಈ ವಿವೇಕವನ್ನು ಕಾಪಾಡಿಕೊಂಡಿತು. ಅವರು ನಿರಪರಾಧಿಗಳೆಂದು ಅದು ಸಾರಲಿಲ್ಲ. ಅವರಿಗೆ ದೊರೆತ ವಿಚಾರಣೆಯು ನ್ಯಾಯವಾದುದಾಗಿರಲಿಲ್ಲವೆಂದು ಸಾರಿತು.

ಶೂದ್ರಕನ ಮೃಚ್ಛಕಟಿಕದಲ್ಲಿ ಒಂಬತ್ತನೆಯ ಅಂಕವು ಇಂಥದೇ ಒಂದು ವಿಚಾರಣೆ. ಅಲ್ಲಿಯ ನ್ಯಾಯಾಧಿಕಾರಿ ದುಷ್ಟನಲ್ಲ. ಚಾರುದತ್ತನು ಕೊಂದಿರಲಾರನೆಂದೇ ಅವನ ಮನಸ್ಸು ಹೇಳುತ್ತದೆ. ಆದರೂ ರಾಜನ ಭಾವಮೈದುನನ ಹಟ, ಮಿತ್ರನ ಕಂಕುಳಿಂದ ಜಾರಿಬಿದ್ದ ಒಡವೆಗಳು, ಇವೆಲ್ಲ ಸೇರಿ ಸಜ್ಜನನನ್ನು ವಧ್ಯಸ್ಥಾನಕ್ಕೆ ನಡೆಸುತ್ತವೆ. ಸತ್ತಳೆಂದು ಎಲ್ಲರೂ ತಿಳಿದಿದ್ದ ವಸಂತಸೇನೆಯೇ ಓಡಿಬಂದುದರಿಂದ ಅವನು ಬದುಕಿದನು. ನಾಟಕದಲ್ಲಿ ವಸಂತಸೇನೆ ಬರುತ್ತಾಳೆ. ಲೋಕದಲ್ಲಿ ಬಹುಮಟ್ಟಿಗೆ ಬರುವುದಿಲ್ಲ. ಆಕೆ ಬಾರದ ಕಡೆಯಲ್ಲಿ, ಕಡತವನ್ನು ಓದುವವನಾದರೂ ಬರಬೇಕು.

ಅಂಥವನು ಬಂದುದು ವ್ಯರ್ಥವಾಗಲಿಲ್ಲ. ೧೯೩೯ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ತನ್ನ ಕಾನೂನನ್ನು ತಿದ್ದಿ, ಮರಣದಂಡನೆಯ ವ್ಯವಹಾರಗಳಲ್ಲಿ ಸಾಕ್ಷ್ಯವನ್ನೂ ಕಾನೂನನ್ನೂ ಒಟ್ಟಿಗೆ ಪರಿಶೀಲಿಸುವ ಅಧಿಕಾರವನ್ನು ಉಚ್ಚ ನ್ಯಾಯಸ್ಥಾನಕ್ಕೆ ಕೊಟ್ಟಿತು. ೧೯೪೮ರಲ್ಲಿ ಹಾರ್ವರ್ಡಿನ ಮತ್ತೊಬ್ಬ ಪ್ರಾಧ್ಯಾಪಕರಾದ ಎಡ್‌ಮಂಡ್ ಮಾರ್ಗನ್ನರು ಜಾಗಿನ್ ಎಂಬವರೊಡನೆ ಸೇರಿ ಇದೇ ವಿಚಾರಣೆಯನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. ಒಬ್ಬ ಗುರುವು ಕಾದ ಕಬ್ಬಿಣವನ್ನು ಮುಟ್ಟಿದರು. ಮತ್ತೊಬ್ಬರು ಅದು ಆರಿದ ಮೇಲೆ ಅಳೆದರು. ಎರಡೂ ಬೇಕಾದ ಕೆಲಸಗಳೇ.

ಫ್ರಾಂಕ್‌ಫರ್ಟರರು ೧೯೩೯ರಲ್ಲಿ ಅಮೇರಿಕೆಯ ಶ್ರೇಷ್ಠ ನ್ಯಾಯಸ್ಥಾನದ ನ್ಯಾಯಾಧಿಪತಿಗಳಾಗಿ, ೧೯೬೨ರವರೆಗೆ ಆ ಪೀಠದಲ್ಲಿದ್ದು, ೧೯೬೫ರಲ್ಲಿ ಕಾಲವಾದರು. ಪೀಠವನ್ನೇರಿದ ಮೇಲೆ ಅವರ ತೀರ್ಪುಗಳೂ ಆಕ್ಷೇಪಣೆಗೆ ಗುರಿಯಾಗದಿರಲಿಲ್ಲ. ಮತದ ಕಾರಣದಿಂದ ಧ್ವಜವಂದನೆ ಮಾಡದ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಬಹುದೆಂದು ೧೯೪೦ರಲ್ಲಿ ತೀರ್ಪನ್ನು ಬರೆದವರು ಇವರೇ. ಮೂರೇ ವರ್ಷಗಳಲ್ಲಿ ಆ ನ್ಯಾಯಸ್ಥಾನವು ಅದನ್ನು ರದ್ದುಮಾಡಿತು. ಇವರು ಮಾತ್ರ ತಮ್ಮ ಮತವನ್ನು ಬಿಡಲಿಲ್ಲ. ಶಾಸನವನ್ನು ಮಾಡುವವರು ಜನರು ಆರಿಸಿದ ಪ್ರತಿನಿಧಿಗಳು. ಅದನ್ನು ನ್ಯಾಯಾಧಿಪತಿಗಳು ತಮ್ಮ ಅಭಿರುಚಿಗೆ ತಕ್ಕಂತೆ ಅಳಿಸಬಾರದು ಎಂಬುದು ಅವರ ಸಿದ್ಧಾಂತ. ಆ ಮಕ್ಕಳ ಪಾಲಿಗೆ ಅದು ಕಠಿಣವಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಈ ಸಿದ್ಧಾಂತದ ಬೇರು ಹಳೆಯದೇ: ನ್ಯಾಯಾಧಿಪತಿಯೂ ಮನುಷ್ಯನೇ, ಅವನ ಮಾತೇ ಕಡೆಯ ಮಾತಾಗಬಾರದು ಎಂಬ ಶಂಕೆ.

ಈ ಶಂಕೆಯು ನಮ್ಮ ದೇಶದ ರಾಜ್ಯಾಂಗದವರೆಗೂ ಬಂದು ಮುಟ್ಟಿರುವುದು. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು ರಾಜ್ಯಾಂಗ ಸಭೆಯ ಸಲಹೆಗಾರರಾಗಿ ೧೯೪೭ರಲ್ಲಿ ಅಮೇರಿಕೆಗೆ ಹೋಗಿ ಫ್ರಾಂಕ್‌ಫರ್ಟರರನ್ನು ಕಂಡರು. ಅಮೇರಿಕೆಯ ರಾಜ್ಯಾಂಗದಲ್ಲಿರುವ, ನ್ಯಾಯಸಮ್ಮತವಾದ ಕ್ರಮವಿಲ್ಲದೆ ಯಾರ ಜೀವಸ್ವಾತಂತ್ರ್ಯಗಳನ್ನೂ ಕಸಿದುಕೊಳ್ಳಬಾರದೆಂಬ ನಿಬಂಧನೆಯು ನ್ಯಾಯಾಧಿಪತಿಗಳಿಗೆ ಮಿತಿಮೀರಿದ ಅಧಿಕಾರವನ್ನೂ ಹೊರಲಾರದ ಹೊರೆಯನ್ನೂ ತರುವುದೆಂದು ಇವರು ಎಚ್ಚರಿಸಿದರು. ನಮ್ಮ ಇಪ್ಪತ್ತೊಂದನೆಯ ವಿಧಿಯಲ್ಲಿ ಕಾನೂನು ವಿಧಿಸಿದ ಕ್ರಮ ಎಂಬ ಮಾತು ನಿಂತುದಕ್ಕೆ ಈ ಸಂಭಾಷಣೆಯೂ ಒಂದು ಕಾರಣ. ಆದರೆ ೧೯೭೮ರಲ್ಲಿ ಮೇನಕಾ ಗಾಂಧಿಯವರ ವ್ಯವಹಾರದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಆ ಕ್ರಮವು ಹೆಸರಿಗೊಂದು ಕ್ರಮವಾದರೆ ಸಾಲದು, ನ್ಯಾಯವೂ ಯುಕ್ತವೂ ಆಗಿರಬೇಕೆಂದು ಹೇಳಿತು. ೧೯೪೭ರ ಫ್ರಾಂಕ್‌ಫರ್ಟರರು ಇದಕ್ಕೆ ಹುಬ್ಬು ಗಂಟಿಕ್ಕಿಕೊಳ್ಳುತ್ತಿದ್ದರೋ ಏನೋ; ೧೯೨೭ರ ಫ್ರಾಂಕ್‌ಫರ್ಟರರ ಪುಸ್ತಕವು ಕೇಳಿದ್ದಾದರೋ ಇದನ್ನೇ.

ಇನ್ನು ಗೃಹಸ್ಥರಿಗೆ ಇದರಿಂದೇನು ಎಂದರೆ, ಪ್ರತಿಯೊಂದು ಮನೆಯೂ ಒಂದು ಚಿಕ್ಕ ನ್ಯಾಯಸ್ಥಾನವೇ. ಬೆಳ್ಳಿಯ ಲೋಟವೊಂದು ಕಾಣದಾದರೆ ಮನೆಯವರ ಕಣ್ಣು ಮೊದಲು ತಿರುಗುವುದು ಪಾತ್ರೆ ತೊಳೆಯುವವಳ ಕಡೆಗೆ. ಅವಳು ಬಡವಳು, ಹೊರಗಿನವಳು, ಗದರಿಸಿದರೆ ಅಂಜಿ ತಡವರಿಸುವವಳು, ತಡವರಿಸಿದುದೇ ಸಾಕ್ಷ್ಯವಾಗುತ್ತದೆ. ಕಂಡವರು ಯಾರು? ಎಷ್ಟು ದೂರದಿಂದ, ಎಷ್ಟು ಹೊತ್ತು ಕಂಡರು? ಮೊದಲ ದಿನವೂ ಇದನ್ನೇ ಹೇಳಿದರೆ? ನಾವು ವಿಚಾರಿಸುತ್ತಿರುವುದು ಲೋಟದ ವಿಷಯವನ್ನೋ ಅವಳ ಜಾತಿಯನ್ನೋ ಬಡತನವನ್ನೋ? ಇಷ್ಟನ್ನು ಕೇಳಿಕೊಳ್ಳುವುದಕ್ಕೆ ಕಾನೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಾದುದಿಲ್ಲ. ಮತ್ತು ಯಜಮಾನನು ಕೊಟ್ಟ ತೀರ್ಪನ್ನು ಯಜಮಾನತಿಯು ಮತ್ತೊಮ್ಮೆ ತೂಗಿ ನೋಡುವ ಪದ್ಧತಿಯು ಮನೆಯಲ್ಲಿದ್ದರೆ ಯಜಮಾನನ ಗೌರವಕ್ಕೆ ಕುಂದಿಲ್ಲ. ಹಿತ್ತಲಿನ ಬಾಗಿಲಿನಲ್ಲಿ ನಿಂತು ಕಣ್ಣೊರಸಿಕೊಳ್ಳುತ್ತಿರುವವಳಿಗೆ ಅದರಿಂದ ಬಹು ದೊಡ್ಡ ಉಪಕಾರವಾದೀತು.